ಮೇಟಿಗೆ ಕಟ್ಟಿದ ಗಾಡಿ

ಸಂಪಾಜೆ ಘಾಟಿಯ ಒಂದು ತಿರುವಿನಲ್ಲಿ ಬ್ರೇಕ್ ತುಳಿದೆ, ಪೆಡಲು ತಳದವರೆಗೂ ಹೋಯಿತು, ಗಾಡಿ ನಿಲ್ಲಲಿಲ್ಲ. ಇಷ್ಟು ಖಚಿತ. ಉಳಿದದ್ದರ ಬಗ್ಗೆ ಅಷ್ಟೇ ಗಟ್ಟಿಯಾಗಿ ಹೇಳಲಾರೆ. ಈ ಕಥೆಯನ್ನು ಬೇಕಾದಷ್ಟು ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಅದು ಒಂದಿಷ್ಟು ನಯವಾಗಿದೆ. ಎಷ್ಟೋ ವರ್ಷ ಆ ತಿರುವಿನ ಎಡಗಡೆ ದೊಡ್ಡ ಕಮರಿ ಇತ್ತು ಎನ್ನುತ್ತಿದ್ದೆ. ಈಚೆಗೆ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿದೆ. ಅಲ್ಲಿ ಎರಡೂ ಕಡೆ ಬರೆ, ಅಂದರೆ ರಸ್ತೆಗಾಗಿ ಗುಡ್ಡ ಕಡಿದ ಮಣ್ಣಿನ ಗೋಡೆ, ಅದರ ಮೇಲೆ ಕಾಡು. ಕಮರಿ ಎಲ್ಲಿಂದ ಬಂತೋ ತಿಳಿಯದು. ಆದ್ದರಿಂದ ಈ ಸಲ ಕಮರಿ ಇಲ್ಲದೆಯೇ ಬರೆಯುತ್ತೇನೆ.

ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೆ. ಹಿಂದೆ ಕಿತ್ತಳೆ ಬುಟ್ಟಿಗಳು. ಆಗಲೇ ಸುಟ್ಟ ವಾಸನೆ ಬರುತ್ತಿತ್ತು, ಯಾರೋ ಕಾಡಿನಂಚಿನಲ್ಲಿ ತರಗು ಸುಡುತ್ತಿದ್ದಾರೆ ಎಂದುಕೊಂಡಿದ್ದೆ. ಪೆಡಲು ಕೈಕೊಟ್ಟ ಮೇಲೆ ಗಾಡಿಯನ್ನು ಬರೆಗೆ ಒರಸಿಕೊಂಡು ಹೋದೆ. ಮಡ್‌ಗಾರ್ಡು ಮಣ್ಣು ಕೆರೆಯಿತು, ಎರಡು ಬುಟ್ಟಿ ಮಗುಚಿ ಹಣ್ಣು ರಸ್ತೆಗೆ ಉರುಳಿತು, ಗಾಡಿ ನಿಂತಿತು. ಪಕ್ಕದಲ್ಲಿ ಕೂತಿದ್ದ ಭಾವ, ಅಂದರೆ ನನ್ನ ಅಕ್ಕನ ಗಂಡ, ಬೈಯಲಿಲ್ಲ, ಕೂಗಲಿಲ್ಲ. ಇಳಿದು ಚಕ್ರಕ್ಕೆ ಕಲ್ಲು ಕೊಡು ಎಂದರು. ನಾನು ಕಲ್ಲು ಹುಡುಕುತ್ತಿದ್ದಾಗ ಅವರು ಸೀಟಿನಲ್ಲೇ ಕೂತು ಮುಂದಿನ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರಸುತ್ತಿದ್ದರು.

ಗಾಡಿ ಅವರದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ್ದ ಹಳೆಯ ಪಿಕಪ್. ಮನೆಯ ಜಮೀನು, ಏಲಕ್ಕಿ ಮಲೆ, ಎತ್ತು, ಎಲ್ಲವೂ ಅವರ ಅಣ್ಣನ ಯಜಮಾನಿಕೆಯಲ್ಲಿದ್ದವು. ಭಾವ ತಮ್ಮದು ಎಂದು ಹೇಳಿಕೊಳ್ಳಬಹುದಾಗಿದ್ದದ್ದು ಇದೊಂದೇ. ಸೋಮವಾರಪೇಟೆಯ ಒಳಗಿನ ನಮ್ಮ ಸುತ್ತಿನ ತೋಟಗಳ ಕಿತ್ತಳೆಯನ್ನು ಮಡಿಕೇರಿಗೂ, ಅಲ್ಲಿಂದ ಸಂಪಾಜೆಗೂ ಸಾಗಿಸುವುದು ಅವರ ಕೆಲಸ. ಆಗ ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯ, ಸಂಪಾಜೆಯ ಹೊಳೆ ದಾಟಿದರೆ ಬೇರೆ ಸರ್ಕಾರ. ಹಣ್ಣನ್ನು ಈಚೆ ದಡದಲ್ಲೇ ಇಳಿಸಿ ಮಂಗಳೂರಿನ ಲಾರಿಗಳಿಗೆ ಒಪ್ಪಿಸಿ ಬರುತ್ತಿದ್ದೆವು. ಹಿಂದಿನ ವರ್ಷ ಭಾವ ಕಿತ್ತಳೆ ಮರದ ಏಣಿಯಿಂದ ಬಿದ್ದು ಬಲ ಮಂಡಿ ಮಡಿಸದಂತಾಗಿತ್ತು. ಬಲಗಾಲಿಲ್ಲದೆ ಬ್ರೇಕೂ ಇಲ್ಲ, ಆಕ್ಸಿಲರೇಟರೂ ಇಲ್ಲ. ಎರಡು ವರ್ಷ ಮೇಷ್ಟ್ರಗಿರಿ ಮಾಡಿ ಬಿಟ್ಟು ಕೂತಿದ್ದ ನನ್ನನ್ನು ಅಕ್ಕ ಕರೆಸಿಕೊಂಡಳು. ಆರು ತಿಂಗಳಿಂದ ನಾನೇ ಓಡಿಸುತ್ತಿದ್ದೆ.

ಮುಂದಿನ ಸೋಮವಾರ ಮಡಿಕೇರಿಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರರ ಮುಂದೆ ಗಾಡಿ ನಿಲ್ಲಿಸಬೇಕಿತ್ತು. ಅವರು ಸಹಿ ಹಾಕಿದರೆ ಇನ್ನೊಂದು ವರ್ಷ ಓಡಿಸಬಹುದು. ಹಾಕದಿದ್ದರೆ ಮಾರಿಬಿಡುವುದು ಎಂದು ಭಾವನ ಅಣ್ಣ ತೀರ್ಮಾನ ಹೇಳಿದ್ದರು, ಕುಶಾಲನಗರದ ಕಡೆಯ ಒಬ್ಬ ಸೌದೆ ವ್ಯಾಪಾರಿಗೆ ಮಾತೂ ಕೊಟ್ಟಿದ್ದರು. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ ಭಾವ ಅದಕ್ಕೆ ಹೂಂ ಅಂದಿದ್ದರು. ಅಂದದ್ದನ್ನು ನಾನು ಕೇಳಿದೆ, ಅಕ್ಕನೂ ಕೇಳಿದಳು. ನಮಗೆ ಘಾಟಿಯಲ್ಲಿ ಬ್ರೇಕ್ ಹೋದದ್ದು ಆ ಸೋಮವಾರಕ್ಕೆ ಆರು ದಿನ ಮೊದಲು.

ಅರ್ಧ ಗಂಟೆ ಬಿಟ್ಟು ತುಳಿದು ನೋಡಿದಾಗ ಪೆಡಲು ತಾನಾಗಿ ಮೇಲೆ ಬಂದಿತ್ತು. ಮೊದಲನೇ ಗೇರಿನಲ್ಲಿ ತೆವಳಿಕೊಂಡು ಸಂಪಾಜೆ ತಲುಪಿದೆವು. ರಸ್ತೆ ಬದಿಯಲ್ಲಿ ತಗಡಿನ ಶೆಡ್ ಹಾಕಿಕೊಂಡು ಘಾಟಿಯ ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ಮಲಯಾಳದ ಮಾಪಿಳ್ಳೆ ಮೇಸ್ತ್ರಿಯೊಬ್ಬರಿದ್ದರು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಕಾಕ ಗಾಡಿಯ ಕೆಳಗೆ ತೂರಿದರು. ಮಲಗಿದಲ್ಲಿಂದಲೇ ಕೇಳಿದರು.

"ಈ ಹ್ಯಾಂಡ್ ಬ್ರೇಕ್ ತಂತಿ ಎಳೆದು ಕಟ್ಟಿದ್ದು ಯಾರು?"

ನಾವೇ ಎಂದೆ.

"ನಾವೇ ಅಂದ್ರೆ ಎಷ್ಟು ಜನ, ಮಾಷ್ಟ್ರೆ?"

ಇಲ್ಲಿ ನನ್ನ ನೆನಪು ಒಂದು ಕುತಂತ್ರ ಮಾಡುತ್ತದೆ. ವಾರಕ್ಕೊಂದು ಸಲ ಆ ತಂತಿಯ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಬೇಕೆಂದು ನನಗೆ ಕಲಿಸಿದವರು ಭಾವ ಎಂದೇ ಬಹಳ ಕಾಲ ಹೇಳಿದ್ದೇನೆ. ಭಾವ ತೀರಿಕೊಂಡ ಮೇಲೆ ಅಕ್ಕ ಒಂದು ದಿನ, ಇಲ್ಲ, ಅವರಿಗೆ ಗಾಡಿಯ ಕೆಳಗೆ ಮಲಗಲು ಆಗುತ್ತಿರಲಿಲ್ಲ, ನೀನೇ ನೋಡಿ ಕಲಿತದ್ದು ಎಂದಳು. ಯಾರದಾದರೂ ಇರಲಿ, ಅದು ನಮ್ಮ ಕಡೆಯವರು ಮಾತ್ರ ಮಾಡುವಂಥ ತಪ್ಪು. ಬಯಲು ಸೀಮೆಯವನಿಗೆ ಬ್ರೇಕ್ ಎಂದರೆ ಓಡುವ ಗಾಡಿಯನ್ನು ನಿಲ್ಲಿಸುವ ಸಾಧನ. ನಮಗೆ ನಿಂತ ಗಾಡಿ ನಿಂತಲ್ಲೇ ಇರುವುದೇ ದೊಡ್ಡ ಚಿಂತೆ. ಮನೆ ಮುಂದೆ ಇಳಿಜಾರು, ಅಂಗಡಿ ಮುಂದೆ ಇಳಿಜಾರು, ಹಣ್ಣು ಹೇರುವ ತೋಟದ ಗೇಟಿನಲ್ಲೂ ಇಳಿಜಾರು. ದಿನಕ್ಕೆ ಹತ್ತು ಸಲ ಹ್ಯಾಂಡ್ ಬ್ರೇಕ್ ಎಳೆಯುವವರು ಅದರ ಹಿಡಿ ಒಂಚೂರು ಸಡಿಲವಾದರೂ ತಂತಿ ಬಿಗಿ ಮಾಡುತ್ತೇವೆ. ಕಾಲ್ಬ್ರೇಕಿನ ಬಗ್ಗೆ ಯೋಚನೆಯೇ ಇಲ್ಲ.

ಕಾಕ ಹೊರಗೆ ಬಂದು, ಕೈ ಒರಸಿಕೊಂಡು, ಎರಡು ಅಂಗೈಗಳನ್ನು ಬಾಗಿಸಿ ಎದುರುಬದುರು ಹಿಡಿದು ತೋರಿಸಿದರು. ಹಿಂದಿನ ಚಕ್ರದ ಡ್ರಮ್ಮಿನೊಳಗೆ ಹೀಗೆ ಎರಡು ಕಮಾನು ಇರುತ್ತವೆ, ಹೊರಮೈಗೆ ಲೈನರ್ ಎಂಬ ಪಟ್ಟಿ. ತುಳಿದಾಗ ಅಗಲಗೊಂಡು ಡ್ರಮ್ಮನ್ನು ಒತ್ತುತ್ತವೆ. ಲೈನರ್ ಸವೆದಂತೆ ನಡುವೆ ಸಂದು ಹೆಚ್ಚಾಗುತ್ತದೆ. ಆ ಸಂದನ್ನು ಮುಚ್ಚಲು ಕಮಾನುಗಳ ಮಧ್ಯೆ ಒಂದು ಪುಟ್ಟ ಹಲ್ಲುಚಕ್ರ ಇದೆ, ಅದನ್ನು ತಿರುಗಿಸಬೇಕು. ನಾವು ಅದನ್ನು ಮುಟ್ಟದೆ ಹೊರಗಿನಿಂದ ತಂತಿ ಎಳೆಯುತ್ತ ಬಂದಿದ್ದೆವು. ತಂತಿಯೂ ಅದೇ ಕಮಾನುಗಳಿಗೇ ಹೋಗುವುದು.

"ಹ್ಯಾಂಡ್ ಬ್ರೇಕ್ ಬಿಟ್ಟಿದ್ದೇವೆ ಅಂತ ನೀವು ಗ್ರಹಿಸಿದ್ದು. ಅದು ಬಿಡ್ಲೇ ಇಲ್ಲ. ಮಡಿಕೇರಿಯಿಂದ ಇಲ್ಲಿವರೆಗೆ ಬ್ರೇಕ್ ಹಾಕಿಕೊಂಡೇ ಬಂದಿದ್ದೀರಿ. ಬಿಸಿಯಾಗಿ ಒಳಗಿನ ಎಣ್ಣೆ ಕುದಿಯದೆ, ಪೆಡಲು ತಳಕ್ಕೆ ಹೋಗದೆ ಎಂಥ ಮಾಡ್ತದೆ?"

ಸರಿ ಮಾಡಿಕೊಡಿ ಎಂದೆವು. ಅಲ್ಲಿ ಆಗುವಂತಿರಲಿಲ್ಲ. ತಂತಿಯನ್ನು ಪೂರ್ತಿ ಸಡಿಲ ಮಾಡಿ, ಹಿಂದಿನ ಎರಡು ಚಕ್ರ ಎತ್ತಿ, ಹಲ್ಲು ತಿರುಗಿಸಿ, ಕೊನೆಗೆ ತಂತಿ ಕಟ್ಟಬೇಕು. ಅಲ್ಲಿಯವರೆಗೆ ಗಾಡಿಗೆ ಯಾವ ಹಿಡಿತವೂ ಇರುವುದಿಲ್ಲ. ಶೆಡ್ಡಿನ ಒಂದೇ ಸಮತಟ್ಟು ಜಾಗದಲ್ಲಿ ಒಂದು ಲಾರಿ ಎಂಜಿನ್ ಬಿಚ್ಚಿಕೊಂಡು ಕೂತಿತ್ತು. ಹಿಂದಿನ ತಿಂಗಳು ಯಾರೋ ಇಳಿಜಾರಿನಲ್ಲಿ ಇದೇ ಕೆಲಸಕ್ಕೆ ಕೈಹಾಕಿ ಗಾಡಿ ಜಾಕಿಯಿಂದ ಜಾರಿತ್ತಂತೆ. ಶುಕ್ರವಾರ ಶೆಡ್ಡಿಗೆ ರಜೆ, ಬೇಕಾದರೆ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ, ಮಧ್ಯಾಹ್ನದ ನಮಾಜಿನ ಹೊತ್ತಿಗೆ ಸೋಮವಾರಪೇಟೆಯಲ್ಲಿರಬೇಕು ಎಂದರು ಕಾಕ.

"ಆದರೆ ಜಾಗ ಬೇಕು. ಲೋಟದಲ್ಲಿ ನೀರಿಟ್ಟರೆ ಒಂದು ಕಡೆ ವಾಲಬಾರದು, ಜಾಕಿ ನೆಲಕ್ಕೆ ಇಳಿಯಬಾರದು. ಅಂಥ ಜಾಗ ನಿಮ್ಮೂರಲ್ಲಿ ಉಂಟಾ?"

ಭಾವ ತಕ್ಷಣ, "ಐತೆ," ಎಂದರು.

ಹಣ್ಣು ಇಳಿಸಿ, ಖಾಲಿ ಗಾಡಿಯನ್ನು ಅಲ್ಲಲ್ಲಿ ನಿಲ್ಲಿಸಿ ತಣಿಸಿಕೊಂಡು ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಊರನ್ನು ಮನಸ್ಸಿನಲ್ಲಿ ಅಳೆಯುತ್ತಿದ್ದೆ. ಶಾಲೆಯ ಅಂಗಳದಲ್ಲಿ ಚೆಂಡು ಬಿಟ್ಟರೆ ಕೆರೆಗೆ ಹೋಗಿ ಬೀಳುತ್ತಿತ್ತು. ಗದ್ದೆ ಸಮತಟ್ಟು, ಆದರೆ ಕೊಯ್ಲಾಗಿದ್ದರೂ ಹಸಿ. ಮಾದಾಪುರ ದಾಟಿದ ಮೇಲೆ ಹೊಳೆಯಿತು. ಭಾವನನ್ನು ನೋಡಿದೆ. ಅವರು ಹೊರಗೆ ನೋಡುತ್ತಿದ್ದರು.

ಅವರ ಮನಸ್ಸಿನಲ್ಲಿದ್ದದ್ದು ಕಣ. ಮನೆಯ ಹಿಂದೆ ಭತ್ತ ತುಳಿಸುವ, ಗುಂಡಗೆ ಗಟ್ಟಿಸಿದ, ಸಗಣಿ ಸಾರಿಸಿದ ನೆಲ. ಮೂರು ದಿನದ ಹಿಂದೆ ಅದರ ನಡುವೆ, ತುಳಿಸುವ ಎತ್ತುಗಳನ್ನು ಕಟ್ಟಿ ಸುತ್ತ ತಿರುಗಿಸುವ ಮೇಟಿ ಕಂಬ ನೆಟ್ಟು ಪೂಜೆಯಾಗಿತ್ತು. ಪಕ್ಕದಲ್ಲಿ ಬಣವೆ ಕಾದಿತ್ತು. ಮೇಟಿ ನೆಟ್ಟ ಮೇಲೆ ಸುಗ್ಗಿ ಮುಗಿಯುವವರೆಗೆ ಕಣದೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಆ ಮನೆಯಲ್ಲಿ ಲಾಳ ಕಟ್ಟಿದ ಎತ್ತನ್ನೂ ಒಳಗೆ ಬಿಡುತ್ತಿರಲಿಲ್ಲ. ಜಮೀನಿನ ಯಜಮಾನ ಭಾವನ ಅಣ್ಣನಾದರೂ ಕಣ ಭಾವನ ತಾಯಿಯದು. ನಾವೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಕೈಯಲ್ಲಿ ಸದಾ ಒಂದು ಮೊರ. ಕಣದ ವಿಷಯದಲ್ಲಿ ಅವರ ಮಾತಿಗೆ ಎದುರಿರಲಿಲ್ಲ.

ಭಾವ ತಾವಾಗಿ ಕೇಳಲಿಲ್ಲ. ಕೇಳಲು ನನ್ನನ್ನು ಕಳಿಸಿದರು. ಗುರುವಾರ ಸಂಜೆ ನಾನು ವಿಷಯ ಸುತ್ತಿ ಬಳಸಿ ಹೇಳಿದೆ. ಜಗಲಿಯಲ್ಲಿದ್ದ ಭಾವನ ಅಣ್ಣ ನಕ್ಕರು. ಇವತ್ತು ಕಣಕ್ಕೆ ಮೋಟಾರು ಹೊಡೀರಿ, ನಾಳೆ ದೇವರ ಮನೇಲಿ ಎತ್ತು ಕಟ್ಟಿ ಎಂದರು. ದೊಡ್ಡವ್ವ ಅವರ ಕಡೆ ನೋಡದೆ ನನ್ನನ್ನು ಒಂದೇ ಒಂದು ಮಾತು ಕೇಳಿದರು, ಎಣ್ಣೆ ಬೀಳುತ್ತದೆಯೇ ಎಂದು. ಇಲ್ಲ ಎಂದೆ. ಅವರು ಮೊರ ಕುಟ್ಟಿ ಎದ್ದು ಒಳಗೆ ಹೋದರು. ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಬೆಳಿಗ್ಗೆ ಕಾಕ ಬಸ್ಸಿಳಿದು ಎರಡು ಮೈಲಿ ನಡೆದು, ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಬಂದಾಗ ಗಾಡಿ ಇನ್ನೂ ಕಣದ ಬೇಲಿಯ ಹೊರಗೇ ಇತ್ತು. ಅವರು ಕಣವನ್ನೂ ಮೇಟಿಯನ್ನೂ ನೋಡಿದರು, ಯಾರೂ ಹೇಳುವ ಮೊದಲೇ ಚಪ್ಪಲಿ ಬಿಟ್ಟರು. ಬೇಲಿ ದಾಟಲಿಲ್ಲ. ದೊಡ್ಡವ್ವ ಎದುರು ಬಂದು ನನ್ನನ್ನು ಕೇಳಿದ್ದನ್ನೇ ಅವರನ್ನೂ ಕೇಳಿದರು.

"ಎಣ್ಣೆ ಬೀಳ್ತದಾ?"

"ಬೀಳ್ತದೆ, ಅವ್ವ," ಎಂದರು ಕಾಕ. "ಗೋಣಿ ಹಾಸ್ತೇನೆ. ಆದರೂ ಒಂದೆರಡು ತೊಟ್ಟು ಬೀಳ್ತದೆ."

ದೊಡ್ಡವ್ವ ನನ್ನ ಕಡೆ ತಿರುಗಿದರು. "ಕೇಳ್ದೇನಪ್ಪ ಮೇಷ್ಟ್ರೆ? ಇವರೂ ಬೀಳಲ್ಲ ಅಂದಿದ್ರೆ ಇಬ್ಬರನ್ನೂ ವಾಪಸ್ ಕಳಿಸ್ತಿದ್ದೆ."

ಆ ನಾಚಿಕೆ ಇವತ್ತಿಗೂ ಹಾಗೇ ಇದೆ. ಅದನ್ನು ಮಾತ್ರ ನಯ ಮಾಡಲು ಆಗಿಲ್ಲ.

ಆಮೇಲೆ ಅವರದ್ದೇ ದರ್ಬಾರು. ನಾಲ್ಕು ಚಕ್ರವನ್ನೂ ಬಾವಿ ನೀರಿನಲ್ಲಿ ತೊಳೆಸಿದರು. ರಬ್ಬರು ಚರ್ಮವಲ್ಲ, ಅದಕ್ಕೆ ಅಡ್ಡಿಯಿಲ್ಲ ಎಂದು ತಾವೇ ಪ್ರಶ್ನೆ ಹಾಕಿಕೊಂಡು ತಾವೇ ತೀರ್ಮಾನ ಕೊಟ್ಟರು. ಮೂಡಲ ಕಡೆಯಿಂದ ಒಳಗೆ ಬರಬೇಕು, ಮೇಟಿಯನ್ನು ಬಲಕ್ಕೆ ಬಿಡಬೇಕು, ಎಂಜಿನ್ ಸದ್ದು ಮಾಡಬಾರದು. ನಾಲ್ಕು ಜನ ತಳ್ಳಿದೆವು. ತಳ್ಳಿದವರಲ್ಲಿ ಭಾವನ ಅಣ್ಣ ಇದ್ದರೇ? ನನ್ನ ಕಣ್ಣಿಗೆ ಅವರ ಕೈ ಹಿಂದಿನ ಹಲಗೆಯ ಮೇಲೆ ಕಾಣುತ್ತದೆ. ಅದು ಇರಲಿ ಎಂಬ ನನ್ನ ಆಸೆಯೂ ಆಗಿರಬಹುದು.

ಕಾಕ ಗಾಡಿಯ ಸುತ್ತ ಬಂದು ಮತ್ತೆ ಅನುಮಾನಿಸಿದರು. ನೆಲ ಸಮವಾಗಿದೆ, ಆದರೂ ಮಳೆನೀರು ಹರಿಯಲು ಒಂದು ಕಡೆ ಕೂದಲೆಳೆಯಷ್ಟು ವಾಟ ಇದೆ. ತಂತಿ ಬಿಚ್ಚಿದ ಮೇಲೆ ಗಾಡಿಯನ್ನು ಹಿಡಿಯುವುದು ಮುಂದಿನ ಚಕ್ರಕ್ಕೆ ಕೊಟ್ಟ ಮರದ ತುಂಡು ಮಾತ್ರ. ಸಾಲದು ಎಂದು ತಲೆ ಆಡಿಸಿದರು. ಬಣವೆಯ ಹತ್ತಿರ ಕೂತಿದ್ದ ದೊಡ್ಡವ್ವ ಎದ್ದು ಹೋಗಿ ಕೊಟ್ಟಿಗೆಯಿಂದ ಹಗ್ಗ ತಂದು ನನ್ನ ಮುಂದೆ ಹಾಕಿದರು.

"ಎತ್ತು ಕಟ್ಟಲ್ವಾ ಮೇಟಿಗೆ? ಇದನ್ನೂ ಕಟ್ಟಿ."

ಕಟ್ಟಿದೆವು. ಮುಂದಿನ ಬಂಪರಿನಿಂದ ಹಗ್ಗ ಹೋಗಿ ಮೇಟಿಯನ್ನು ಎರಡು ಸುತ್ತು ಸುತ್ತಿತು. ಮೂರು ಆಳು ಎತ್ತರದ, ಎಷ್ಟೋ ಸುಗ್ಗಿಯ ಎತ್ತುಗಳ ಎಳೆತ ತಡೆದ ಕಂಬ. ಕಾಕ ಹಗ್ಗವನ್ನು ಜಗ್ಗಿ ನೋಡಿ ಜಾಕಿ ಕೈಗೆತ್ತಿಕೊಂಡರು.

ಕೆಲಸ ನೋಡುವುದಕ್ಕೆ ಏನೂ ಇರಲಿಲ್ಲ. ಹಲಗೆಯ ಮೇಲೆ ಜಾಕಿ ಇಟ್ಟು ಎಡಚಕ್ರ ಎತ್ತಿದರು. ತಂತಿಯ ನಟ್ಟು ಬಿಚ್ಚುತ್ತ ಹೋದರು. ನಾನು ಆರು ತಿಂಗಳು ಬಿಗಿದದ್ದು ಅಷ್ಟು ಹೊತ್ತು ಸುತ್ತು ಸುತ್ತಾಗಿ ಹೊರಬರುತ್ತಲೇ ಇತ್ತು. ಚಕ್ರದ ಹಿಂದಿನ ತಟ್ಟೆಯಲ್ಲಿದ್ದ ಸೀಳಿನ ಮುಚ್ಚಳ ತೆಗೆದು, ಅದರೊಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರು. ಟಿಕ್ ಎಂದಿತು. ಇನ್ನೊಂದು ಟಿಕ್. ಅವರು ಮೀಟಿದಂತೆ ನಾನು ಚಕ್ರ ತಿರುಗಿಸುತ್ತಿದ್ದೆ, ಅದು ಭಾರವಾಗುತ್ತ ಬಂದು ಕೊನೆಗೆ ತಿರುಗದಾಯಿತು. ಆಗ ಹಿಂದಕ್ಕೆ ಒಂದೊಂದೇ ಹಲ್ಲು ಬಿಡುತ್ತ ಬಂದರು. ಎಷ್ಟು ಹಲ್ಲು ಎಂದು ಲೆಕ್ಕ ಇಟ್ಟುಕೊಳ್ಳಲು ಹೋದೆ. ಲೆಕ್ಕ ಬೇಡ, ಕಿವಿ ಇಡಿ ಎಂದರು. ಕಮಾನು ಡ್ರಮ್ಮನ್ನು ಸೋಕಿಯೂ ಸೋಕದಂತೆ ಇರಬೇಕು.

ನಡುವೆ ಯಾರಾದರೂ ಪೆಡಲು ತುಳಿಯಬೇಕಿತ್ತು, ಕಮಾನುಗಳು ತಮ್ಮ ಜಾಗದಲ್ಲಿ ಕೂರಲು. ನಾನು ಚಕ್ರ ಹಿಡಿದಿದ್ದೆ. ಭಾವ ಊರುಗೋಲನ್ನು ಬೇಲಿಗೆ ಒರಗಿಸಿ, ಬಾಗಿಲು ತೆರೆದು, ಬಲಗಾಲನ್ನು ಎರಡು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಸ್ಟೇರಿಂಗಿನ ಹಿಂದೆ ಕೂತರು. ಬಿದ್ದ ದಿನದಿಂದ ಅವರು ಆ ಸೀಟಿನಲ್ಲಿ ಕೂತಿರಲಿಲ್ಲ. ಎಡಗಾಲಿನಿಂದ ಬ್ರೇಕ್ ತುಳಿದರು. ಕಾಕ ತುಳಿ ಎಂದಾಗ ತುಳಿದರು, ಬಿಡು ಎಂದಾಗ ಬಿಟ್ಟರು. ಸಾಕು ಎಂದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದರು.

ಬಲಚಕ್ರವೂ ಆಯಿತು, ಸಡಿಲಿಸಿದ ತಂತಿಯನ್ನೂ ಅಳತೆಗೆ ಕಟ್ಟಿದರು. ಎರಡನ್ನೂ ಎತ್ತಿ ತಿರುಗಿಸಿ ನೋಡಿದೆವು, ನನಗೆ ಎರಡೂ ಒಂದೇ ಥರ ಕೇಳಿಸಿದವು. ಕಾಕನೂ ಸಾಮಾನು ಚೀಲಕ್ಕೆ ತುಂಬತೊಡಗಿದ್ದರು. ದೊಡ್ಡವ್ವ ಬಣವೆಯ ನೆರಳಿನಲ್ಲಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದವರು ಕೈ ನಿಲ್ಲಿಸಿದರು.

"ಆ ಕಡೇದು ಇನ್ನೂ ಕೆರೀತಾ ಐತೆ. ಈ ಕಡೇದು ಸರಿಯಾಗೈತೆ."

ಕಾಕ ಒಂದು ಗಳಿಗೆ ಅವರನ್ನೇ ನೋಡಿದರು. ಮತ್ತೆ ಮಲಗಿ, ಎಡಗಡೆ ಒಂದು ಹಲ್ಲು ಹಿಂದಕ್ಕೆ ಬಿಟ್ಟರು. ನಾನು ತಿರುಗಿಸಿದೆ. ದೊಡ್ಡವ್ವ ಹೂಂ ಎಂದು ಕೇರಲು ಶುರುಮಾಡಿದರು. ಎರಡು ಚಕ್ರದಲ್ಲಿ ಒಂದು ಮುಂಚೆ ಹಿಡಿದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತಿತ್ತು, ಇನ್‌ಸ್ಪೆಕ್ಟರು ಮೊದಲು ನೋಡುವುದೇ ಅದನ್ನು. ಇದನ್ನು ಕಾಕ ಬಸ್ಸಿಗೆ ಹೋಗುವಾಗ ನನಗೆ ಹೇಳಿದರು. ದಾರಿಯ ಖರ್ಚಿಗಾದರೂ ಇಟ್ಟುಕೊಳ್ಳಿ ಎಂದು ಭಾವ ನೀಡಿದ್ದನ್ನು ಕೆಲಸ ಪಾಸಾದ ಮೇಲೆ ನೋಡೋಣ ಎಂದು ತೆಗೆದುಕೊಂಡಿರಲಿಲ್ಲ.

ಎಣ್ಣೆ ಬಿದ್ದಿತ್ತು. ಗೋಣಿ ದಾಟಿ ಅಂಗೈಯಗಲ ಕಪ್ಪು. ದೊಡ್ಡವ್ವ ಗುದ್ದಲಿಯಿಂದ ಅಷ್ಟು ಮಣ್ಣು ಕೆತ್ತಿ ತೆಗೆದು, ಹುತ್ತದ ಮಣ್ಣು ತುಂಬಿ, ಕಾಲಿನಿಂದ ಮೆಟ್ಟಿ, ಮೇಲೆ ಸಗಣಿ ಸಾರಿಸಿದರು. ನಾನು ಮಾಡುತ್ತೇನೆ ಎಂದಾಗ ಗುದ್ದಲಿ ಕೊಡಲಿಲ್ಲ.

ಸೋಮವಾರ ಮಡಿಕೇರಿ. ಇನ್‌ಸ್ಪೆಕ್ಟರು ಗಾಡಿಯನ್ನು ಸುತ್ತಿ ನೋಡಿ, ಬರೆಗೆ ಒರಸಿದ ಮಡ್‌ಗಾರ್ಡಿನ ಮೇಲೆ ಬೆರಳಾಡಿಸಿ, ನನ್ನ ಪಕ್ಕ ಹತ್ತಿ ಕೂತರು. ಭಾವ ಹಿಂದೆ, ಬುಟ್ಟಿ ಹೇರುವ ಖಾಲಿ ಜಾಗದಲ್ಲಿ. ಒಂದು ಕಡಿದಾದ ಇಳುಕಲಿನಲ್ಲಿ ಅರ್ಧ ಇಳಿದ ಮೇಲೆ ನಿಲ್ಲಿಸು ಎಂದರು. ತುಳಿದೆ. ಗಾಡಿ ನೆಟ್ಟಗೆ, ಒಂದು ಕಡೆಗೂ ವಾಲದೆ, ನಿಂತಿತು. ಅವರು ಹ್ಯಾಂಡ್ ಬ್ರೇಕ್ ಹಾಕಿಸಿ ಕಾಲು ತೆಗೆಯಲು ಹೇಳಿದರು. ತೆಗೆದೆ. ಅಲುಗಲಿಲ್ಲ. ಎಲ್ಲಿ ಮಾಡಿಸಿದ್ದು ಎಂದು ಕೇಳಿದರು. ಈ ಉತ್ತರವನ್ನು ನಾನು ಆಮೇಲೆ ಬಗೆಬಗೆಯಾಗಿ ಹಿಗ್ಗಿಸಿ ಹೇಳಿದ್ದೇನೆ, ಕಾಕನ ಹೆಸರು, ದೊಡ್ಡವ್ವನ ಕಿವಿ, ಎಲ್ಲ ಸೇರಿಸಿ. ನಿಜವಾಗಿ ನನ್ನ ಬಾಯಿಂದ ಬಂದದ್ದು ಮನೆಯಲ್ಲೇ ಎಂಬ ಒಂದು ಮಾತು. ಅವರು ಸಹಿ ಹಾಕಿದರು.

ಸಂಜೆ ಮನೆ ತಲುಪಿದಾಗ ಸೌದೆ ವ್ಯಾಪಾರಿ ಜಗಲಿಯಲ್ಲಿ ಭಾವನ ಅಣ್ಣನ ಜೊತೆ ಕಾಫಿ ಕುಡಿಯುತ್ತ ಕಾದಿದ್ದ. ಭಾವ ಕಾಗದವನ್ನು ಅಣ್ಣನ ಕೈಗೆ ಕೊಟ್ಟರು. ಅಣ್ಣ ಎರಡು ಸಲ ಓದಿ ಮಡಿಸಿ ವಾಪಸು ಕೊಟ್ಟರು. ವ್ಯಾಪಾರಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾವ ಹೇಳಿದರು.

"ಸೌದೆ ಇದ್ರೆ ಹೇಳಿ ಗೌಡ್ರೆ, ಸಾಗಿಸಿ ಕೊಡ್ತೀವಿ. ಗಾಡಿ ಕೊಡಲ್ಲ."

ಮಾರನೆಯ ದಿನ ತುಳಿಸಲು ಶುರುವಾಯಿತು. ನಾಲ್ಕು ಜೊತೆ ಎತ್ತು ಅದೇ ಮೇಟಿಯ ಸುತ್ತ ತಿರುಗಿದವು. ಭತ್ತ ತೂರಿ ರಾಶಿ ಮಾಡಿದ ಮೇಲೆ ನಮ್ಮಲ್ಲಿ ಮನೆಗೆ ಸಾಗಿಸುವ ಮೊದಲು ಕಣದಲ್ಲೇ ಆಯ ಕೊಡುವ ಪದ್ಧತಿ. ವರ್ಷವಿಡೀ ನೇಗಿಲು, ಕುಡುಗೋಲು ನೋಡಿಕೊಂಡ ಕಮ್ಮಾರನಿಗೆ ಇಷ್ಟು, ಬಡಗಿಗೆ ಇಷ್ಟು, ಅಗಸನಿಗೆ ಇಷ್ಟು. ಅವರವರು ಬಂದು ಒಡ್ಡಿದ ಗೋಣಿಗೆ ದೊಡ್ಡವ್ವ ಮೊರದಿಂದ ಸುರಿದರು. ಎಲ್ಲ ಮುಗಿದ ಮೇಲೆ ಇನ್ನೊಂದು ಗೋಣಿಗೆ ಕಮ್ಮಾರನಿಗೆ ಕೊಟ್ಟಷ್ಟೇ ಭತ್ತ ಸುರಿದು, ಬಾಯಿ ಕಟ್ಟಿ, ಗಾಡಿಯಲ್ಲಿ ಹಾಕು ಎಂದು ನನಗೆ ಹೇಳಿದರು.

ನಾನು ಯಾರಿಗೂ ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳಿದವನಲ್ಲ. ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಕಣಕ್ಕೆ ಎಣ್ಣೆ ಚೆಲ್ಲಿಸಿದ ನನಗೂ ಮೂರು ಹೊತ್ತೂ ಊಟ ಬಡಿಸಿದರು. ಈಗ, ಹೇಳಬೇಕಾದವರು ಒಬ್ಬರೂ ಇಲ್ಲದಿರುವಾಗ, ಬರೆಯುತ್ತಿದ್ದೇನೆ.

ಆ ವಾರದ ಕಿತ್ತಳೆಯ ಜೊತೆ ಗೋಣಿಯೂ ಘಾಟಿ ಇಳಿಯಿತು. ಕಾಕ ಶೆಡ್ಡಿನಿಂದ ಹೊರಗೆ ಬಂದು, ಭಾವ ಕೊಟ್ಟ ಕೂಲಿಯನ್ನು ಜೇಬಿಗೆ ಹಾಕಿಕೊಂಡು, ಗೋಣಿಯನ್ನು ಕಾಲಿನಿಂದ ತಟ್ಟಿ ನೋಡಿ, ಇದು ಎಂಥದು ಎಂದರು. ನಾನು ವಿವರಿಸತೊಡಗಿದೆ. ಕಮ್ಮಾರ, ಬಡಗಿ, ಕಣ, ಪದ್ಧತಿ. ಪಾಠ ಹೇಳಿದ ಹಾಗಾಯಿತು. ಕಾಕ ನನ್ನನ್ನು ಬಿಟ್ಟು ಭಾವನ ಕಡೆ ತಿರುಗಿದರು.

"ಕೂಲಿ ಕೊಟ್ಟಾಯ್ತಲ್ಲ. ಇದು ಯಾವುದಕ್ಕೆ?"

"ಅದು ಕೂಲಿ ಅಲ್ಲ ಕಾಕ. ಅವ್ವ ಕಳಿಸಿದ್ದು. ಇದು ತಗೊಂಡೋರು ಬರೋ ಸುಗ್ಗಿಗೂ ಬರಬೇಕು."

ಕಾಕ ಗಾಡಿಯನ್ನು ಒಮ್ಮೆ, ಭಾವನ ಕಾಲನ್ನು ಒಮ್ಮೆ ನೋಡಿದರು.

"ಬರುವ ಸುಗ್ಗಿಗೂ ಗಾಡಿ ಉಂಟಾ?"

"ಐತೆ," ಎಂದರು ಭಾವ.

ಕಾಕ ಬಗ್ಗಿ ಗೋಣಿಯನ್ನು ಬೆನ್ನಿಗೇರಿಸಿಕೊಂಡು ಒಳಗೆ ಹೋದರು.